ಬಾಸ್ ಮೇಲೆ 36×28 ಎಂದೇ ಇತ್ತು: ಟ್ರಾಲ್ ಬೋಟಿನ ಫ್ಯಾನ್ ರಿಪೇರಿ ಮತ್ತು ಆಯ್ಕೆಯ ಒಂದು ಪ್ರಕರಣ

ಉಡುಪಿ ಜಿಲ್ಲೆಯ ಬಂದರೊಂದರ ಮರದ ಟ್ರಾಲ್ ಬೋಟು ಇದು. ಉದ್ದ 15 ಮೀಟರ್. ನಾಲ್ಕೈದು ದಿನ ಕಡಲಲ್ಲೇ ಉಳಿದು ಬಲೆ ಎಳೆಯುವಂಥದ್ದು. ಎಂಜಿನ್ ಆರು ಸಿಲಿಂಡರಿನ ಡೀಸೆಲ್, ಟರ್ಬೊ ಇಲ್ಲ, 1800 ಆರ್‌ಪಿಎಂನಲ್ಲಿ 120 ಅಶ್ವಶಕ್ತಿ. ಗೇರ್‌ಬಾಕ್ಸ್ 3:1, ಅಂದರೆ ಎಂಜಿನ್ 1800 ತಿರುಗಿದಾಗ ಶಾಫ್ಟ್ 600. ಶಾಫ್ಟಿನ ತುದಿಯಲ್ಲಿ ಮೂರು ರೆಕ್ಕೆಯ ಮ್ಯಾಂಗನೀಸ್ ಬ್ರಾಂಜ್ ಫ್ಯಾನು, ಅಂದರೆ ನೀರನ್ನು ತಳ್ಳಿ ಬೋಟನ್ನು ಮುಂದೊಯ್ಯುವ ಪ್ರೊಪೆಲ್ಲರ್. ರೆಕ್ಕೆಗಳು ಕೂಡುವ ನಡುವಿನ ದಪ್ಪ ಭಾಗವೇ ಬಾಸ್. ಅದರ ಮೇಲೆ ಅಚ್ಚೊತ್ತಿದ ಅಂಕಿ 36×28. ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಮರಕ್ಕೆ ಸ್ಕ್ರೂ ಇಳಿದಂತೆ ಫ್ಯಾನು ಜಾರದೆ ಮುಂದೆ ಹೋಗುವುದಾದರೆ ಒಂದು ಸುತ್ತಿಗೆ 28 ಇಂಚು ಸಾಗಬೇಕು. ನೀರು ಮರವಲ್ಲ, ಹಾಗಾಗಿ ಜಾರುತ್ತದೆ. ಇಂಥ ನಿಧಾನದ ಬೋಟಿನಲ್ಲಿ ನೂರಕ್ಕೆ ನಲವತ್ತರಷ್ಟು ಜಾರುವುದು ಸಹಜ.

ಬೋಟು ನೀರಿಗಿಳಿದ ಹೊಸತರಲ್ಲಿ ಬರೆದಿಟ್ಟ ಪರೀಕ್ಷೆಯ ಚೀಟಿ ಅದೃಷ್ಟವಶಾತ್ ಉಳಿದಿತ್ತು. ಬಲೆ ಇಲ್ಲದೆ ಪೂರ್ತಿ ಥ್ರಾಟಲ್‌ನಲ್ಲಿ 1780 ಆರ್‌ಪಿಎಂ, ವೇಗ 8.2 ನಾಟ್ (ಒಂದು ನಾಟ್ ಎಂದರೆ ತಾಸಿಗೆ ಒಂದು ನಾಟಿಕಲ್ ಮೈಲಿ). ಈ ಎರಡು ಅಂಕಿಗಳಿಲ್ಲದಿದ್ದರೆ ಮುಂದಿನ ಕಥೆ ಇನ್ನೂ ಉದ್ದವಾಗುತ್ತಿತ್ತು.

ಹಗ್ಗ, ಬೆಂಕಿ, ಸುತ್ತಿಗೆ

ಡಿಸೆಂಬರಿನಲ್ಲಿ ಬಲೆ ಮೇಲೆತ್ತುವಾಗ ದಪ್ಪ ಹಗ್ಗ ಫ್ಯಾನಿಗೆ ಸುತ್ತಿತು. ಎಂಜಿನ್ ತಕ್ಷಣ ನಿಲ್ಲಲಿಲ್ಲ. ಜತೆ ಬೋಟು ಎಳೆದು ತಂದಿತು, ಮುಳುಗುವವರು ಹಗ್ಗ ಕತ್ತರಿಸಿ ತೆಗೆದರು. ಒಂದು ರೆಕ್ಕೆ ಮಡಚಿರುವುದು ಕೈಗೇ ತಿಳಿಯುತ್ತಿತ್ತು. ಬೋಟನ್ನು ದಡಕ್ಕೆ ಎಳೆದು ಏರಿಸುವ ಸ್ಲಿಪ್‌ವೇ ಖಾಲಿ ಇರಲಿಲ್ಲ. ಅಮಾವಾಸ್ಯೆಯ ಉಬ್ಬರದಲ್ಲಿ ಹೊಳೆಯ ಮರಳಿಗೆ ಬೋಟನ್ನು ಏರಿಸಿ, ಇಳಿತದಲ್ಲಿ ಫ್ಯಾನು ಬಿಚ್ಚಿದರು. ದಕ್ಕೆಯ ಹತ್ತಿರದ ಗ್ಯಾರೇಜಿನಲ್ಲಿ ರೆಕ್ಕೆಗೆ ಗ್ಯಾಸ್ ಬೆಂಕಿ ಹಿಡಿದು, ಸುತ್ತಿಗೆಯಲ್ಲಿ ಬಡಿದು, ಸೀಳಿದ್ದಲ್ಲಿ ಹಿತ್ತಾಳೆ ಸರಳಿನಿಂದ ತುಂಬಿದರು. ಆಮೇಲೆ ಎರಡು ಕತ್ತಿಯಂಚಿನ ಪಟ್ಟಿಗಳ ಮೇಲೆ ಕೂರಿಸಿ ಬ್ಯಾಲೆನ್ಸ್ ತೋರಿಸಿದರು. ಯಾವ ರೆಕ್ಕೆಯೂ ಕೆಳಗೆ ತೂಗಲಿಲ್ಲ. ಎರಡನೇ ದಿನ ಬೋಟು ಕಡಲಿಗೆ ಹೋಯಿತು.

ಇಡೀ ಪ್ರಕರಣ ದಾರಿ ತಪ್ಪಿದ್ದು ಈ ಬ್ಯಾಲೆನ್ಸಿನಲ್ಲಿ. ತೂಕ ಸರಿಯಿದ್ದುದರಿಂದ ಫ್ಯಾನು ಸರಿಯಿದೆ ಎಂದು ಎಲ್ಲರೂ ನಂಬಿದರು. ಮುಂದಿನ ಐದು ತಿಂಗಳು ಯಾರೂ ಅದರತ್ತ ಬೆರಳು ತೋರಿಸಲಿಲ್ಲ.

ಐದು ತಿಂಗಳ ತಪ್ಪು ಜಾಗ

ದೂರುಗಳು ಒಂದೊಂದಾಗಿ ಬಂದವು. ಎಂಜಿನ್ 1200 ದಾಟಿದ ಕೂಡಲೇ ಚುಕ್ಕಾಣಿಯ ಚಕ್ರ ನಡುಗುತ್ತದೆ. ಬಲೆ ಎಳೆಯುವಾಗ ಕಪ್ಪು ಹೊಗೆ. ಶಾಫ್ಟ್ ಬೋಟಿನಿಂದ ಹೊರಹೋಗುವಲ್ಲಿ ನೀರು ತಡೆಯುವ ಗ್ಲಾಂಡಿನಿಂದ ನೀರು ಹೆಚ್ಚು.

ನಡುಕಕ್ಕೆ ಎಂಜಿನ್ ಬೆಡ್‌ನ ಬೋಲ್ಟುಗಳನ್ನು ಬಿಗಿದರು. ಹೊಗೆಗೆ ಇಂಜೆಕ್ಟರ್ ಆರನ್ನೂ ಸರ್ವಿಸ್ ಮಾಡಿಸಿದರು. ಆರ್‌ಪಿಎಂ ಏರಲಿಲ್ಲವೆಂದು ಪಂಪಿನ ಇಂಧನ ಮಿತಿಯ ಸ್ಕ್ರೂವನ್ನು ಬಿಚ್ಚಿ ಡೀಸೆಲ್ ಹೆಚ್ಚಿಸಿದರು. ಮೂರರಲ್ಲಿ ಅತಿ ಕೆಟ್ಟ ನಿರ್ಧಾರ ಇದೇ. ಟರ್ಬೊ ಇಲ್ಲದ ಎಂಜಿನ್ನಿಗೆ ಒಳಬರುವ ಗಾಳಿ ಇಷ್ಟೇ ಎಂದು ನಿಗದಿ. ಹೆಚ್ಚುವರಿ ಡೀಸೆಲ್ ಉರಿಯದೆ ಮಸಿಯಾಗುತ್ತದೆ, ಎಗ್ಸಾಸ್ಟಿನ ಬಿಸಿ ಏರುತ್ತದೆ, ವಾಲ್ವು ಪಿಸ್ಟನ್‌ಗಳ ಆಯಸ್ಸು ಕುಗ್ಗುತ್ತದೆ. ಗ್ಲಾಂಡಿನ ವಿಷಯದಲ್ಲಿ ಕಲಾಸಿಗಳು (ಬೋಟಿನ ಕೆಲಸಗಾರರು) ದಿನಕ್ಕೊಮ್ಮೆ ನಟ್ಟು ತಿರುಗಿಸಿ ಹನಿ ಪೂರ್ತಿ ನಿಲ್ಲಿಸಿದ್ದರು. ಗ್ಲಾಂಡಿನೊಳಗೆ ಶಾಫ್ಟಿಗೆ ಸುತ್ತಿದ ಹುರಿಗೆ, ಅಂದರೆ ಪ್ಯಾಕಿಂಗಿಗೆ, ತಂಪು ಕೊಡುವುದೇ ಆ ಹನಿ. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಐದಾರು ಹನಿ ಬೀಳಬೇಕು. ಒಣಗಿಸಿದ ಪ್ಯಾಕಿಂಗ್ ಸುಟ್ಟು ಗಟ್ಟಿಯಾಗಿ ಶಾಫ್ಟಿನ ಮೇಲೆ 0.8 ಮಿ.ಮೀ. ಆಳದ ಗೀರು ಕೊರೆದಿತ್ತು.

ಮೇ ಕೊನೆಗೆ ಮಾಲೀಕರ ಮುಂದಿದ್ದ ಪ್ರಶ್ನೆ ಬೇರೆಯೇ ಆಗಿತ್ತು: ಪಕ್ಕದ ಬೋಟಿಗೆ ಅಷ್ಟೇ ಶಕ್ತಿಯ ಎಂಜಿನ್, ಅದರಲ್ಲಿ 40 ಇಂಚಿನ ಫ್ಯಾನು ಚೆನ್ನಾಗಿ ಎಳೆಯುತ್ತದೆ, ನಮಗೂ ಅದನ್ನೇ ಹಾಕಿದರೇನು?

ಎಂಜಿನ್ನೋ, ಫ್ಯಾನೋ

ಅದಕ್ಕೆ ಉತ್ತರಿಸುವ ಮೊದಲು ಅರ್ಧ ದಿನದ ಪರೀಕ್ಷೆ ನಡೆಯಿತು. ಎಂಜಿನ್ನಿನ ಮುಂದಿನ ಪುಲ್ಲಿಗೆ ಹೊಳೆಯುವ ಪಟ್ಟಿ ಅಂಟಿಸಿ, ಬೆಳಕಿನ ಟ್ಯಾಕೊಮೀಟರಿನಿಂದ ಸುತ್ತು ಎಣಿಸಿದರು. ಡ್ಯಾಶ್‌ಬೋರ್ಡಿನ ಮೀಟರನ್ನು ನಂಬಲಿಲ್ಲ. ಅದು 90 ಹೆಚ್ಚು ತೋರಿಸುತ್ತಿತ್ತು.

ಗೇರ್ ಹಾಕದೆ ಪೂರ್ತಿ ಥ್ರಾಟಲ್: 1940. ಎಂಜಿನ್ನಿನ ಗರಿಷ್ಠ ಸುತ್ತಿಗೆ ಮಿತಿ ಹಾಕುವ ಗವರ್ನರ್ ತನ್ನ ಮಿತಿಯವರೆಗೆ ಹೋಗಲು ಬಿಡುತ್ತಿದೆ. ಗೇರ್ ಹಾಕಿ ಬಲೆ ಇಲ್ಲದೆ: 1640, ವೇಗ 7.4 ನಾಟ್. ಬಲೆ ಎಳೆಯುವಾಗ: 1480, ವೇಗ 2.6 ನಾಟ್, ಎಗ್ಸಾಸ್ಟಿನ ಬಿಸಿ 560 ಡಿಗ್ರಿ ಸೆಲ್ಸಿಯಸ್.

ಖಾಲಿ ಗೇರಿನಲ್ಲಿ ಸುತ್ತು ಬಂದ ಮಾತ್ರಕ್ಕೆ ಎಂಜಿನ್ ನಿರ್ದೋಷಿ ಅಲ್ಲ. ಕಟ್ಟಿಕೊಂಡ ಡೀಸೆಲ್ ಫಿಲ್ಟರ್ ಕೂಡ ಭಾರ ಇಲ್ಲದಾಗ ಸುಮ್ಮನಿರುತ್ತದೆ. ಹಾಗಾಗಿ ಎರಡೂ ಫಿಲ್ಟರ್ ಬದಲಿಸಿ ಮತ್ತೆ ಓಡಿಸಿದರು, ಬದಲಾವಣೆ ಇಲ್ಲ. ಇನ್ನೊಂದು ಅನುಮಾನ ತಳದ ಚಿಪ್ಪು. ಎಂಟು ತಿಂಗಳು ನೀರಲ್ಲಿದ್ದ ಬೋಟು. ಮುಳುಗುವವರಿಂದ ತಳ ಕೆರೆಸಿದಾಗ 30 ಸುತ್ತು ಹೆಚ್ಚಿತು, 1670. ಹೊಸತರ 1780ಕ್ಕೆ ಇನ್ನೂ 110 ಬಾಕಿ.

ಈಗ ಜಾರುವಿಕೆಯ ಲೆಕ್ಕ. ಶಾಫ್ಟಿನ ಸುತ್ತನ್ನು ಪಿಚ್ಚಿನಿಂದ ಗುಣಿಸಿ 1215 ರಿಂದ ಭಾಗಿಸಿದರೆ ಜಾರದಿದ್ದಾಗಿನ ವೇಗ ನಾಟ್‌ನಲ್ಲಿ ಸಿಗುತ್ತದೆ. ಹೊಸತರಲ್ಲಿ 593 × 28 ÷ 1215, ಅಂದರೆ 13.7, ನಿಜವಾದ ವೇಗ 8.2, ಜಾರುವಿಕೆ 40 ಶೇಕಡಾ. ತಳ ಕೆರೆಸುವ ಮುನ್ನ 547 × 28 ÷ 1215, ಅಂದರೆ 12.6, ನಿಜವಾದದ್ದು 7.4, ಜಾರುವಿಕೆ 41. ಮೇಲ್ನೋಟಕ್ಕೆ ಎಲ್ಲ ಸರಿ. ಆದರೆ ಅಷ್ಟೇ ಜಾರುವಿಕೆಗೆ ಅಷ್ಟೊಂದು ಸುತ್ತು ಯಾಕೆ ಬಿತ್ತು? ಲೆಕ್ಕಕ್ಕೆ ಹಾಕಿದ 28 ಬಾಸ್ ಮೇಲಿನ ಅಂಕಿ, ಅಳೆದದ್ದಲ್ಲ ಎಂಬುದು ಆಗ ಹೊಳೆದ ವಿಷಯ.

ನಡುಕವೂ ಅತ್ತಲೇ ಬೊಟ್ಟು ಮಾಡುತ್ತಿತ್ತು. ಮೊಬೈಲಿನ ಕಂಪನ ಅಳೆಯುವ ಆ್ಯಪನ್ನು ಸ್ಟರ್ನ್ ಟ್ಯೂಬಿನ (ಶಾಫ್ಟ್ ಬೋಟಿನಿಂದ ಹೊರಹೋಗುವ ಕೊಳವೆ) ಮೇಲಿನ ಹಲಗೆಗೆ ಒತ್ತಿ ಹಿಡಿದಾಗ, ಎಂಜಿನ್ 1300 ಇರುವಾಗ ಸೆಕೆಂಡಿಗೆ 7.2 ಬಡಿತ ಕಾಣಿಸಿತು. 1300 ನ್ನು 3 ರಿಂದ, ಮತ್ತೆ 60 ರಿಂದ ಭಾಗಿಸಿದರೆ ಅದೇ 7.2. ಅಂದರೆ ಶಾಫ್ಟಿನ ಒಂದು ಸುತ್ತಿಗೆ ಒಂದು ಬಡಿತ. ರೆಕ್ಕೆಯ ತುದಿ ತಳಕ್ಕೆ ತೀರಾ ಹತ್ತಿರ ಹಾಯುವುದರಿಂದ ಬರುವ ನಡುಕವಾದರೆ ಸುತ್ತಿಗೆ ಮೂರು ಬಡಿತ ಬರಬೇಕಿತ್ತು, ಒಂದೊಂದು ರೆಕ್ಕೆಗೆ ಒಂದೊಂದು. ಸುತ್ತಿಗೆ ಒಂದೇ ಎಂದರೆ ಮೂರರಲ್ಲಿ ಒಂದು ರೆಕ್ಕೆ ಉಳಿದೆರಡರಂತಿಲ್ಲ, ಇಲ್ಲವೇ ಶಾಫ್ಟ್ ಬಾಗಿದೆ. ಜೂನ್ 1 ರಂದು ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟು ಮೇಲೇರಿದ ಮೇಲೆ ಡಯಲ್ ಗೇಜ್ ಇಟ್ಟು ನೋಡಿದರು: ಶಾಫ್ಟಿನ ತುದಿಯ ಓಲಾಟ 0.08 ಮಿ.ಮೀ. ಶಾಫ್ಟ್ ನೆಟ್ಟಗಿತ್ತು.

ಪಿಚ್ ಅಳೆದದ್ದು

ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಸಮತಟ್ಟಾದ ಲೋಹದ ಹಲಗೆ, ನೆಟ್ಟಗೆ ನಿಲ್ಲುವ ಹೈಟ್ ಗೇಜ್, ಕೋನಮಾಪಕ ಸಾಕು. ಫ್ಯಾನನ್ನು ಹಲಗೆಯ ಮೇಲೆ ಮಲಗಿಸಿ, ನೀರನ್ನು ತಳ್ಳುವ ಮುಖ ಮೇಲೆ ಬರುವಂತೆ ಇಡಬೇಕು. ತ್ರಿಜ್ಯದ 0.7 ಭಾಗದಲ್ಲಿ, ಇಲ್ಲಿ ಕೇಂದ್ರದಿಂದ 320 ಮಿ.ಮೀ. ದೂರದಲ್ಲಿ, ಪ್ರತಿ ರೆಕ್ಕೆಯ ಮೇಲೆ ಸೀಮೆಸುಣ್ಣದ ಕಮಾನು ಎಳೆಯಬೇಕು. ಆ ಕಮಾನಿನ ಮೇಲೆ 30 ಡಿಗ್ರಿ ಅಂತರದ ಎರಡು ಬಿಂದುಗಳ ಎತ್ತರ ಅಳೆದು ಕಳೆದರೆ ಬರುವ ಅಂಕಿಯ 12 ಪಟ್ಟು ಆ ರೆಕ್ಕೆಯ ಪಿಚ್, ಏಕೆಂದರೆ ಪೂರ್ತಿ ಸುತ್ತಿನಲ್ಲಿ 30 ಡಿಗ್ರಿ ಹನ್ನೆರಡು ಸಲ ಇದೆ.

28 ಇಂಚು ಎಂದರೆ 711 ಮಿ.ಮೀ.; ಅದಕ್ಕೆ ಬರಬೇಕಾದ ಎತ್ತರದ ವ್ಯತ್ಯಾಸ 59 ಮಿ.ಮೀ.ಗಿಂತ ಕೊಂಚ ಹೆಚ್ಚು. ಸಿಕ್ಕಿದ್ದು: ಮೊದಲ ರೆಕ್ಕೆ 59, ಎರಡನೆಯದು 58, ರಿಪೇರಿಯಾದ ಮೂರನೆಯದು 71. ಪಿಚ್ ಲೆಕ್ಕದಲ್ಲಿ 708, 696 ಮತ್ತು 852. ಮೂರನೆಯ ರೆಕ್ಕೆ 28ರದ್ದಲ್ಲ, 33 ಇಂಚೂವರೆಯದ್ದು. ಈ ಗಾತ್ರದ ಫ್ಯಾನುಗಳಿಗೆ ಇರುವ ಐಎಸ್‌ಒ 484 ಮಾನದಂಡದ ಅತಿ ಸಡಿಲ ದರ್ಜೆಯಲ್ಲೂ ಒಂದು ರೆಕ್ಕೆಯ ಸರಾಸರಿ ಪಿಚ್ 4 ಶೇಕಡಾಕ್ಕಿಂತ ಹೆಚ್ಚು ತಪ್ಪುವಂತಿಲ್ಲ, ಇಲ್ಲಿ 20. ಸಾಲದ್ದಕ್ಕೆ ಆ ರೆಕ್ಕೆಯ ಹಿಂಬದಿಯ ಅಂಚು ಒಳಕ್ಕೆ ಸುರುಳಿಯಾಗಿತ್ತು, ಸೌಟಿನ ತುಟಿಯಂತೆ. ಅಂಥ ಸುರುಳಿ ಅಳತೆಯಲ್ಲಿ ಪೂರ್ತಿ ಕಾಣದೆ ಪಿಚ್ಚನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಮೂರರ ಸರಾಸರಿ 752, ಅಂದರೆ 29.6 ಇಂಚು. ಸರಾಸರಿ ನೋಡಿದವರಿಗೆ ಒಂದೂವರೆ ಇಂಚಿನ ವ್ಯತ್ಯಾಸ ಅಷ್ಟೇ. ಬಿಡಿಬಿಡಿಯಾಗಿ ನೋಡಿದವರಿಗೆ ಮಾತ್ರ ನಡುಕದ ಕಾರಣ ಕಾಣುತ್ತದೆ: ಒಂದು ರೆಕ್ಕೆ ಉಳಿದೆರಡಕ್ಕಿಂತ ಹೆಚ್ಚು ನೀರನ್ನು ತಳ್ಳಿ ಪ್ರತಿ ಸುತ್ತಿಗೂ ಶಾಫ್ಟನ್ನು ಒಂದು ಬದಿಗೆ ಒತ್ತುತ್ತಿತ್ತು. ಹಾಗಾದರೆ ಬ್ಯಾಲೆನ್ಸ್ ಹೇಗೆ ಸರಿ ಬಂತು? ತುಂಬಿದ ಹಿತ್ತಾಳೆಯ ಭಾರವನ್ನು ಅದೇ ರೆಕ್ಕೆಯ ತುದಿಯಲ್ಲಿ ಉಜ್ಜಿ ಕಳೆದಿದ್ದರು. ಗ್ಯಾರೇಜಿನವರ ಮೋಸವೇನಲ್ಲ. ತೂಕ ಸಮ ಮಾಡಿ ಎಂದು ಹೇಳಿದ್ದಕ್ಕೆ ತೂಕ ಸಮ ಮಾಡಿದರು. ಕತ್ತಿಯಂಚಿನ ಮೇಲೆ ಸಮವಾಗಿ ನಿಂತ ಫ್ಯಾನು ನೀರಿನಲ್ಲಿ ಸಮವಾಗಿ ತಳ್ಳುತ್ತದೆ ಎಂದು ಯಾರೂ ಹೇಳಿರಲಿಲ್ಲ, ಎಲ್ಲರೂ ಅಂದುಕೊಂಡಿದ್ದರು.

ಮತ್ತೊಮ್ಮೆ ರಿಪೇರಿಯೋ, ಹೊಸದೋ

ಮಾಲೀಕರ ಒಲವು ರಿಪೇರಿಯತ್ತ. ಖರ್ಚು ಹೊಸದರ ಮೂರನೇ ಒಂದು ಭಾಗ. ಸರಿಯಾಗಿ ಮಾಡಿದರೆ ಅದೂ ತಪ್ಪಲ್ಲ. ಮ್ಯಾಂಗನೀಸ್ ಬ್ರಾಂಜನ್ನು 500 ರಿಂದ 800 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಸರಿಯಾದ ಪಿಚ್ಚಿನ ಅಚ್ಚಾದ ಪಿಚ್ ಬ್ಲಾಕಿನ ಮೇಲೆ ಕೂರಿಸಿ, ಬಡಿಯುವುದಕ್ಕಿಂತ ಹೆಚ್ಚಾಗಿ ಒತ್ತಿ ನೇರ ಮಾಡಬೇಕು. ವೆಲ್ಡ್ ಮಾಡಿದರೆ ಮೊದಲೇ 150 ಡಿಗ್ರಿಗಾದರೂ ಕಾಯಿಸಿ, ನಂತರ 350ರಿಂದ 500 ಡಿಗ್ರಿಯಲ್ಲಿ ಇಟ್ಟು ನಿಧಾನವಾಗಿ ಆರಿಸಿ ಒಳಗಿನ ಬಿಗಿತ ಸಡಿಲಿಸಬೇಕು. ಹೆಸರು ಬ್ರಾಂಜ್ ಆದರೂ ಈ ಲೋಹ ನಿಜದಲ್ಲಿ ಹಿತ್ತಾಳೆಯ ಜಾತಿ, ಅದರಲ್ಲಿ ಹತ್ತಿರ ಹತ್ತಿರ ನಲವತ್ತು ಪಾಲು ಸತು. ಬಿಗಿತ ಉಳಿದರೆ ಉಪ್ಪುನೀರಿನಲ್ಲಿ ತಾನಾಗಿ ಬಿರುಕು ಬಿಡುತ್ತದೆ.

ನಿರ್ಧಾರ ಮಾಡಿಸಿದ್ದು ಎರಡು ಸಂಗತಿ. ಮರಳುಕಾಗದದಲ್ಲಿ ಉಜ್ಜಿದಾಗ ಹಳದಿ ಕಾಣಬೇಕಾದ ಕಡೆ ಅಲ್ಲಲ್ಲಿ ಗುಲಾಬಿ ಕಲೆ ಕಂಡಿತು: ಸತು ನೀರಿಗೆ ಕರಗಿಹೋಗಿ ಸಡಿಲ ತಾಮ್ರ ಉಳಿದ ಗುರುತು. ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಶಾಫ್ಟಿಗೆ ಕಟ್ಟಿದ್ದ ಸತುವಿನ ತುಂಡಿಗೆ ಹಿಂದಿನ ಮಳೆಗಾಲದಲ್ಲಿ ತಳದ ಜತೆಗೇ ಬಣ್ಣ ಬಳಿದಿದ್ದರು. ಬಣ್ಣ ಬಿದ್ದ ಸತು ಕರಗುವುದಿಲ್ಲ, ಅದರ ಬದಲು ಫ್ಯಾನಿನ ಸತು ಕರಗುತ್ತದೆ.

ಎರಡನೆಯದು ಇನ್ನೂ ಗಂಭೀರ. ಕೆಂಪು ಬಣ್ಣದ ದ್ರವ ಹಚ್ಚಿ ಒರೆಸಿ ಬಿರುಕು ಹುಡುಕುವ ಪರೀಕ್ಷೆಯಲ್ಲಿ, ಮೂರನೆಯ ರೆಕ್ಕೆಯ ಬುಡದಲ್ಲಿ, ತಳ್ಳುವ ಮುಖದ ಮೇಲೆ, ತ್ರಿಜ್ಯದ 0.3 ಭಾಗದ ಹತ್ತಿರ, ಹಳೆಯ ಹಿತ್ತಾಳೆ ತುಂಬಿದ ಅಂಚಿಗೇ 40 ಮಿ.ಮೀ. ಉದ್ದದ ಬಿರುಕು. ಬುಡದಿಂದ 0.4 ತ್ರಿಜ್ಯದವರೆಗಿನ ತಳ್ಳುವ ಮುಖ ರೆಕ್ಕೆಯ ಅತಿ ಹೆಚ್ಚು ಹೊರೆ ಹೊರುವ ಜಾಗ. ಹಡಗು ವರ್ಗೀಕರಣದ ನಿಯಮಗಳು ಅಲ್ಲಿ ಸಾಮಾನ್ಯವಾಗಿ ವೆಲ್ಡಿಂಗನ್ನೇ ಒಪ್ಪುವುದಿಲ್ಲ. ತುದಿ ಮಡಚಿದ ಫ್ಯಾನನ್ನು ಉಳಿಸಿಕೊಳ್ಳಬಹುದು, ಬುಡ ಬಿರಿದದ್ದನ್ನು ಇಲ್ಲ. ಕಡಲಲ್ಲಿ ರೆಕ್ಕೆ ಮುರಿದು ಬಿದ್ದರೆ ಉಳಿದೆರಡರ ಕುಲುಕಾಟಕ್ಕೆ ಸ್ಟರ್ನ್ ಟ್ಯೂಬೇ ಸಡಿಲವಾಗಬಹುದು. ಮರದ ಬೋಟಿಗೆ ಅದು ಮುಳುಗುವ ಮಾತು.

ನಲವತ್ತು ಇಂಚಿನ ಆಸೆ

ಈಗ ಪಕ್ಕದ ಬೋಟಿನ ಪ್ರಶ್ನೆ. ಅದರ ಫ್ಯಾನು 40×36, ನಿಜ. ಆದರೆ ಅದರ ಗೇರ್‌ಬಾಕ್ಸ್ 4:1, ಶಾಫ್ಟ್ ತಿರುಗುವುದು 450. ಈ ಬೋಟಿನ 600ರ ಶಾಫ್ಟಿಗೆ ಅದನ್ನು ಹಾಕಿದರೆ? ಫ್ಯಾನು ಕೇಳುವ ಶಕ್ತಿ ವ್ಯಾಸದ ಐದನೇ ಘಾತದಲ್ಲಿ, ಸುತ್ತಿನ ಮೂರನೇ ಘಾತದಲ್ಲಿ ಏರುತ್ತದೆ. ಆಕಾರ ಹಾಗೇ ಇಟ್ಟು 36ನ್ನು 40 ಮಾಡಿದರೆ ಅದೇ ಸುತ್ತಿಗೆ 69 ಶೇಕಡಾ ಹೆಚ್ಚು ಶಕ್ತಿ ಬೇಕು. 120 ಅಶ್ವಶಕ್ತಿಯ ಎಂಜಿನ್ ಅಲ್ಲಿಗೆ ಮುಟ್ಟುವುದೇ ಇಲ್ಲ.

ಹಾಗಾದರೆ ಗೇರ್‌ಬಾಕ್ಸನ್ನೂ ಬದಲಿಸಿದರೆ? ಬಲೆ ಎಳೆಯುವ ಬೋಟಿಗೆ ದೊಡ್ಡ ವ್ಯಾಸ, ನಿಧಾನ ಸುತ್ತು ಒಳ್ಳೆಯದೆಂಬುದು ಸರಿ. ಅಡ್ಡ ಬಂದದ್ದು ತಳದ ಆಕಾರ. ಶಾಫ್ಟಿನ ಕೇಂದ್ರದಿಂದ ಮೇಲಿನ ಹಲಗೆಗೆ 21.5 ಇಂಚು. 36ರ ಫ್ಯಾನಿಗೆ 18 ಕಳೆದು 3.5 ಇಂಚಿನ ತೆರವು, ವ್ಯಾಸದ ಹತ್ತನೇ ಒಂದಕ್ಕೆ ಕೂದಲೆಳೆ ಕಡಿಮೆ. 40 ಹಾಕಿದರೆ ಉಳಿಯುವುದು ಒಂದೂವರೆ ಇಂಚು. ಆ ಮಾತು ಅಲ್ಲಿಗೆ ಮುಗಿಯಿತು.

ಮಾರಾಟಗಾರರ ಸಲಹೆ ನಾಲ್ಕು ರೆಕ್ಕೆಯ 34 ಇಂಚು: ತೆರವು ಹೆಚ್ಚುತ್ತದೆ, ನಡುಕ ಹೋಗುತ್ತದೆ. ನಡುಕ ತೆರವಿನಿಂದ ಬಂದಿದ್ದರೆ ಅದು ಒಳ್ಳೆಯ ಸಲಹೆಯೇ. ಆದರೆ ಮೊಬೈಲು ಸುತ್ತಿಗೆ ಒಂದೇ ಬಡಿತ ತೋರಿಸಿತ್ತು, ಮೂರಲ್ಲ. ಅಪಘಾತಕ್ಕೆ ಮುಂಚೆ ಇದೇ ತೆರವಿನಲ್ಲಿ ಬೋಟು ನಡುಗದೆ ಓಡಿತ್ತು. ಇಲ್ಲದ ರೋಗಕ್ಕೆ ಎರಡು ಇಂಚು ವ್ಯಾಸ ಬಿಟ್ಟುಕೊಟ್ಟರೆ ಎಳೆಯುವ ಬಲ ಸುಮ್ಮನೆ ಕಳೆದಂತೆ. ವ್ಯಾಸ 36, ರೆಕ್ಕೆ ಮೂರು ಎಂದು ನಿಂತಿತು.

ಉಳಿದದ್ದು ಪಿಚ್, ವಾದವೆಲ್ಲ ನಡೆದದ್ದೂ ಅಲ್ಲೇ. ಟ್ರಾಲ್ ಬೋಟು ಎರಡು ಕೆಲಸ ಮಾಡುತ್ತದೆ: ಬಲೆ ಇಲ್ಲದೆ ಎಂಟು ನಾಟ್ ಓಡುವುದು, ಬಲೆ ಹೊತ್ತು ಮೂರು ನಾಟ್ ಎಳೆಯುವುದು. ಒಂದಕ್ಕೆ ಹೊಂದಿದ ಪಿಚ್ ಇನ್ನೊಂದಕ್ಕೆ ಹೊಂದುವುದಿಲ್ಲ. ಓಟಕ್ಕೆ ತಕ್ಕ ಪಿಚ್ ಹಾಕಿದರೆ ಬಲೆ ಇಳಿದಾಗ ಎಂಜಿನ್ ಉಸಿರು ಕಟ್ಟುತ್ತದೆ, ಹೊಗೆ ಬರುತ್ತದೆ. ಈ ಬೋಟಿನ ಎಂಜಿನ್ ತಾಸುಗಳಲ್ಲಿ ಮುಕ್ಕಾಲು ಪಾಲು ಬಲೆ ಎಳೆಯುವುದರಲ್ಲೇ ಕಳೆಯುತ್ತಿತ್ತು. ಹಾಗಾಗಿ 26 ಇಂಚಿಗೆ ಇಳಿಸಬೇಕೆಂಬ ಸಲಹೆ. ಬೋಟು ನಡೆಸುವ ತಾಂಡೇಲರು ಒಪ್ಪಲಿಲ್ಲ: ಹರಾಜಿಗೆ ಮೊದಲು ಮುಟ್ಟಿದವನಿಗೆ ರೇಟು, ಓಟ ಕಡಿಮೆಯಾಗುವುದು ಬೇಡ. ಅವರ ಮಾತನ್ನು ತಳ್ಳಿಹಾಕದೆ ಲೆಕ್ಕ ಮಾಡಿದರು. 26ರಲ್ಲಿ ನಿರೀಕ್ಷಿತ ವೇಗ 7.9 ನಾಟ್. ಇಪ್ಪತ್ತು ನಾಟಿಕಲ್ ಮೈಲಿನ ಹಾದಿಗೆ 8.2ರಲ್ಲಿ 146 ನಿಮಿಷ, 7.9ರಲ್ಲಿ 152. ಆರು ನಿಮಿಷ. ತಾಂಡೇಲರು ಆಮೇಲೆ ಕೇಳಿದ್ದು, ಹಾಗಾದರೆ 24 ಯಾಕಾಗಬಾರದು ಎಂದು. ಅದರಲ್ಲಿ ಓಡುವಾಗ ಎಂಜಿನ್ ಗವರ್ನರಿಗೆ ಹೋಗಿ ತಗುಲುತ್ತದೆ, ವೇಗ ಏಳೂವರೆಯಲ್ಲಿ ನಿಲ್ಲುತ್ತದೆ, ಮುಂದಕ್ಕೆ ತಳ್ಳಲು ಏನೂ ಉಳಿಯುವುದಿಲ್ಲ. 36×26 ಎಂದು ಬರೆದು ಆರ್ಡರ್ ಹೋಯಿತು. ಲೋಹ ನಿಕಲ್ ಅಲ್ಯೂಮಿನಿಯಂ ಬ್ರಾಂಜ್, ಸತು ಕರಗುವ ಕಾಟ ಬೇಡವೆಂದು.

ಜೋಡಣೆಯಲ್ಲಿ ಸಿಕ್ಕ ತೊಡಕು

ಹೊಸ ಫ್ಯಾನು ಬಂದ ಕೂಡಲೇ ಮೂರೂ ರೆಕ್ಕೆ ಅಳೆದರು: 660, 662, 657 ಮಿ.ಮೀ. ಸರಿ. ತೊಡಕು ಬಂದದ್ದು ಒಳಗಿನ ಟೇಪರಿನಲ್ಲಿ, ಅಂದರೆ ಶಾಫ್ಟಿನ ತುದಿಗೆ ಕೂರುವ, ಕಿರಿದಾಗುತ್ತ ಹೋಗುವ ರಂಧ್ರದಲ್ಲಿ. ಶಾಫ್ಟಿಗೆ ನೀಲಿ ಬಣ್ಣ ತೆಳುವಾಗಿ ಸವರಿ, ಕೀ (ಫ್ಯಾನು ಶಾಫ್ಟಿನ ಮೇಲೆ ತಿರುಗಿ ಜಾರದಂತೆ ನಡುವೆ ಕೂರಿಸುವ ಲೋಹದ ತುಂಡು) ಹಾಕದೆ ಫ್ಯಾನು ಏರಿಸಿ ಇಳಿಸಿದಾಗ ಗುರುತು ಬಿದ್ದದ್ದು ದಪ್ಪ ತುದಿಯಲ್ಲಿ ಮಾತ್ರ. ಸ್ಕ್ರೇಪರಿನಲ್ಲಿ ಒಳಗಡೆ ಕೆರೆದು ಕೆರೆದು ಮುಕ್ಕಾಲು ಭಾಗ ಕೂರುವಂತೆ ಮಾಡಲು ಇಡೀ ದಿನ ಹಿಡಿಯಿತು. ವಾಲ್ವ್ ಪೇಸ್ಟ್ ಹಚ್ಚಿ ಫ್ಯಾನನ್ನೇ ತಿರುಗಿಸಿ ಉಜ್ಜೋಣ ಎಂದರು ಕೆಲವರು. ಹಾಗೆ ಮಾಡಿದರೆ ಶಾಫ್ಟಿನ ಮೇಲೆ ಮೆಟ್ಟಿಲು ಮೂಡುತ್ತದೆ, ಮುಂದಿನ ಫ್ಯಾನು ಅಲ್ಲಿ ಸರಿಯಾಗಿ ಕೂರುವುದಿಲ್ಲ.

ಕೀ ಇಲ್ಲದೆ ಫ್ಯಾನು ಎಲ್ಲಿಯವರೆಗೆ ಹೋಗುತ್ತದೆಂದು ಶಾಫ್ಟಿನ ಮೇಲೆ ಗೆರೆ ಹಾಕಿದ್ದರು. ಕೀ ಹಾಕಿದ ಮೇಲೆ ಅದಕ್ಕಿಂತ 6 ಮಿ.ಮೀ. ಹಿಂದೆಯೇ ನಿಂತಿತು. ಟೇಪರ್ 1:12, ಅಂದರೆ ಉದ್ದದ 24 ಮಿ.ಮೀ.ಗೆ ತ್ರಿಜ್ಯದಲ್ಲಿ 1 ಮಿ.ಮೀ. ಕೀ ಕಾಲು ಮಿಲಿಮೀಟರ್ ಎತ್ತರ ಹೆಚ್ಚಿದೆ ಎಂದಾಯಿತು. ಹಾಗೇ ಬಿಟ್ಟಿದ್ದರೆ ಫ್ಯಾನು ಟೇಪರಿನ ಬದಲು ಕೀ ಮೇಲೆ ಕೂತು, ಒಂದು ದಿನ ಕೀ ಜತೆ ಬಾಸನ್ನೂ ಸೀಳುತ್ತಿತ್ತು. ಕೀ ಅರದಿಂದ ತಗ್ಗಿಸಿದರು, ಗೆರೆ ಕೂಡಿತು.

ಗೀರು ಬಿದ್ದ ಶಾಫ್ಟಿಗೆ ಗ್ಲಾಂಡಿನ ತಳದಲ್ಲಿ ಒಂದು ಉಂಗುರ ಹೆಚ್ಚಿಗೆ ಕೂರಿಸಿ, ಪ್ಯಾಕಿಂಗ್ ನಯವಾದ ಜಾಗಕ್ಕೆ ಸರಿಯುವಂತೆ ಮಾಡಿದರು. ಇಂಧನ ಪಂಪನ್ನು ಬೆಂಚಿನ ಮೇಲೆ ಮೊದಲಿನ ಮಿತಿಗೆ ತಂದು ಸೀಲ್ ಹಾಕಿಸಿದರು. ಜುಲೈ ಕೊನೆಯಲ್ಲಿ ಬೋಟು ನೀರಿಗೆ ಇಳಿಯಿತು. ಮರದ ಬೋಟು ನೀರಿಗಿಳಿದ ಮೇಲೆ ಆಕಾರ ಕೊಂಚ ಬದಲಿಸುತ್ತದೆ, ಆದ್ದರಿಂದ ಗೇರ್‌ಬಾಕ್ಸ್ ಮತ್ತು ಶಾಫ್ಟ್ ಸೇರುವ ಕಪ್ಲಿಂಗಿನ ಅಲೈನ್‌ಮೆಂಟನ್ನು, ಅಂದರೆ ಎರಡೂ ಒಂದೇ ನೇರದಲ್ಲಿವೆಯೇ ಎಂಬುದನ್ನು, ಎರಡು ದಿನ ಬಿಟ್ಟು ನೋಡಿದರು. ಎಂಟು ಇಂಚಿನ ಫ್ಲೇಂಜಿಗೆ ಎರಡು ಮುಖಗಳ ನಡುವಿನ ಸಂದಿಯ ವ್ಯತ್ಯಾಸ 0.2 ಮಿ.ಮೀ. ಮೀರಬಾರದು, ಕೆಳಗಡೆ 0.45 ಸಿಕ್ಕಿತು. ಅಂದರೆ ಗ್ಲಾಂಡಿನ ಸೋರಿಕೆಯ ತಪ್ಪೆಲ್ಲ ಫ್ಯಾನಿನದ್ದಲ್ಲ. ಎಂಜಿನ್ ಬೆಡ್‌ನ ಬೋಲ್ಟುಗಳನ್ನು ಅಳೆಯದೆ ಬಿಗಿದದ್ದೂ ಅದಕ್ಕೆ ಪಾಲು ಕೊಟ್ಟಿರಬೇಕು. ಶಿಮ್ (ತೆಳು ತಗಡು) ಕೊಟ್ಟು 0.1ಕ್ಕೆ ತಂದರು.

ಆಗಸ್ಟಿನ ಅಂಕಿಗಳು

ಬಲೆ ಇಲ್ಲದೆ ಪೂರ್ತಿ ಥ್ರಾಟಲ್‌ನಲ್ಲಿ 1830, ವೇಗ 7.9. ಬಲೆ ಎಳೆಯುವಾಗ 1660, ವೇಗ 3.0 ನಾಟ್, ಎಗ್ಸಾಸ್ಟ್ 470 ಡಿಗ್ರಿ. ಚುಕ್ಕಾಣಿಯ ನಡುಕ ಇಲ್ಲ. ಡೀಸೆಲ್ ಖರ್ಚಿನಲ್ಲಿ ಪವಾಡವೇನೂ ನಡೆಯಲಿಲ್ಲ: ಎಳೆಯುವಾಗ ತಾಸಿಗೆ 23 ಲೀಟರ್ ಇದ್ದದ್ದು 22ಕ್ಕೆ ಬಂತು. ಲಾಭ ಬಂದದ್ದು ಬೇರೆ ಕಡೆ. ಅಷ್ಟೇ ಡೀಸೆಲಿಗೆ ಬಲೆ ಹೆಚ್ಚು ದೂರ ಸಾಗುತ್ತಿತ್ತು, ಎಗ್ಸಾಸ್ಟಿನ ಬಿಸಿ 90 ಡಿಗ್ರಿ ಇಳಿದಿತ್ತು.

ಇಂಥದ್ದೇ ತೊಂದರೆಯಲ್ಲಿರುವವರು ಕ್ರಮವನ್ನು ತಿರುಗಿಸಿ ಹಿಡಿದರೆ ಸಾಕು. ಇಲ್ಲಿ ಮೊದಲು ಎಂಜಿನ್, ಆಮೇಲೆ ಪಂಪು, ಕೊನೆಗೆ ಫ್ಯಾನು ನೋಡಿದರು. ಪಿಚ್ ಅಳೆಯಲು ಬೇಕಾದದ್ದು ಅರ್ಧ ದಿನ. ಅದನ್ನು ಡಿಸೆಂಬರಿನಲ್ಲಿ, ಫ್ಯಾನು ಹೇಗೂ ಮರಳಿನ ಮೇಲೆ ಬಿಚ್ಚಿ ಬಿದ್ದಿದ್ದಾಗ ಮಾಡಿದ್ದರೆ ಇಂಜೆಕ್ಟರ್ ಸರ್ವಿಸೂ ಇಲ್ಲ, ಗೀರು ಬಿದ್ದ ಶಾಫ್ಟೂ ಇಲ್ಲ. ಗ್ಯಾರೇಜಿಗೆ ಫ್ಯಾನು ಕೊಡುವಾಗ ಬ್ಯಾಲೆನ್ಸ್ ಮಾಡಿ ಎನ್ನುವ ಬದಲು ಮೂರೂ ರೆಕ್ಕೆಯ ಪಿಚ್ ಬರೆದು ಕೊಡಿ ಎಂದು ಕೇಳಬೇಕು. ಬರೆದುಕೊಡಲಾಗದವರು ಬಡಿಯಲೂಬಾರದು.

ಹಳೆಯ ಫ್ಯಾನನ್ನು ಸ್ಪೇರ್ ಎಂದು ಬೋಟಿನಲ್ಲಿ ಇಟ್ಟುಕೊಳ್ಳುವ ಮಾತೂ ಬಂದಿತ್ತು. ಬುಡದ ಬಿರುಕನ್ನು ಇನ್ನೊಮ್ಮೆ ತೋರಿಸಿದ ಮೇಲೆ ಅದು ತೂಕದ ಲೆಕ್ಕದಲ್ಲಿ ಎರಕದವರಿಗೆ ಹೋಯಿತು. ಕಳಿಸುವ ಮುನ್ನ ಬಾಸ್ ಮೇಲಿನ 36×28 ಅನ್ನು ಗ್ರೈಂಡರಿನಲ್ಲಿ ಅಳಿಸಿದರು, ಯಾರಾದರೂ ಮತ್ತೆ ಅದನ್ನು ನಂಬಿ ಕೊಳ್ಳಬಾರದೆಂದು. ಮುಂದಿನ ಮಳೆಗಾಲ ಬೋಟು ಮೇಲೇರಿದಾಗ ಶಾಫ್ಟಿನ ಸತುವಿನ ತುಂಡು ಅರ್ಧ ಸವೆದಿತ್ತು. ತಳಕ್ಕೆ ಬಣ್ಣ ಹೊಡೆಯುವವರು ಈ ಸಲ ಅದಕ್ಕೆ ಮೊದಲೇ ಕಾಗದ ಸುತ್ತಿದ್ದರು.